ಹತ್ತು ಗಂಟೆಯ ರುಚಿ

"ಒಬ್ಬ ಕಡಿಮೆ ಇದಾನೆ," ಎಂದ ವರ್ಜಿಲ್. ಹಿಡಿಕೆಗೆ ಕೈ ಹಾಕಿ ಬಗ್ಗಿದವನು ಹಾಗೆಯೇ ನೆಟ್ಟಗಾದ.

ಶವಪೆಟ್ಟಿಗೆ ಗಾಡಿಯಿಂದ ಅರ್ಧ ಹೊರಗೆ ಬಂದಿತ್ತು. ಬಲಗಡೆ ಮೂವರು ಮುದುಕರು, ಎಡಗಡೆ ಇಬ್ಬರು. ಎಡಗಡೆಯ ಹಿಂದಿನ ಹಿಡಿಕೆಗೆ ಕೈ ಇರಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಉಪ್ಪು ಚೆಲ್ಲಿದ್ದರೂ ಮಾರ್ಚ್ ತಿಂಗಳ ಹಿಮ ಅಲ್ಲಲ್ಲಿ ಗಾಜಿನಂತೆ ಕಟ್ಟಿತ್ತು.

ಅಂತ್ಯಕ್ರಿಯೆಯ ಏರ್ಪಾಟು ಮಾಡಿದ್ದ ತರುಣ ಮುಂದೆ ಬಂದ. "ನಮ್ಮ ಕಡೆಯವನೊಬ್ಬ ಹಿಡೀತಾನೆ ಬಿಡಿ ಸರ್. ಮೆಟ್ಲು ಜಾರುತ್ತೆ."

"ಬೇಡಪ್ಪ. ಬ್ರೂವರಿಯವನನ್ನ ಬ್ರೂವರಿಯವರೇ ಎತ್ಬೇಕು."

"ಐದೇ ಜನ ಇದೀರಲ್ಲ."

"ಕಾಯ್ತೀವಿ."

"ಎಷ್ಟು ಹೊತ್ತು ಸರ್?"

"ಅವನಿಗೇನೂ ಅರ್ಜೆಂಟಿಲ್ಲ," ಎಂದು ವರ್ಜಿಲ್ ಗದ್ದದಿಂದ ಪೆಟ್ಟಿಗೆಯ ಕಡೆಗೆ ತೋರಿಸಿದ.

ಅದು ಅವರ ಅಪ್ಪಂದಿರ ಕಾಲದಿಂದ ಬಂದ ಪದ್ಧತಿ. ಓಲ್ಡ್ ಫೆರಿ ಬಿಯರ್ ಮಾಡುತ್ತಿದ್ದ ಆ ಕಾರ್ಖಾನೆಯಲ್ಲಿ ದುಡಿದವನು ಸತ್ತರೆ, ಅಲ್ಲಿಯೇ ದುಡಿದ ಆರು ಜನ ಅವನನ್ನು ಎತ್ತಬೇಕು. ಕಾರ್ಖಾನೆ ಮುಚ್ಚಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ಎತ್ತುವವರು ವರ್ಷ ವರ್ಷವೂ ಪೆಟ್ಟಿಗೆಯೊಳಗಿನವರಾಗುತ್ತಾ ಬಂದು, ಈಗ ಊರಿನಲ್ಲಿ ತೋಳಿನಲ್ಲಿ ಶಕ್ತಿ ಇದ್ದವರು ಆರೇ ಜನ ಉಳಿದಿದ್ದರು. ಅದರಲ್ಲಿ ವರ್ಜಿಲ್‌ನ ಸೊಂಟದ ಕೀಲು ಉಕ್ಕಿನದು.

ಆರನೆಯವನು ಎಲ್ಲಿದ್ದಾನೆಂದು ಆರ್ಲೀನ್‌ಗೆ ಗೊತ್ತಿತ್ತು. ಅವಳು ಚರ್ಚಿನ ಬಾಗಿಲಲ್ಲಿ ಕಪ್ಪು ಕೋಟು ತೊಟ್ಟು ನಿಂತಿದ್ದಳು. ರಸ್ತೆಯಾಚೆ, ಮುಚ್ಚಿದ ಹಾರ್ಡ್‌ವೇರ್ ಅಂಗಡಿಯ ಮುಂದೆ, ಹಸಿರು ಪಿಕಪ್ ಗಾಡಿಯೊಂದು ಎಂಟೂಕಾಲಿನಿಂದ ನಿಂತಿತ್ತು. ಎಂಜಿನ್ ಆರಿಸಿರಲಿಲ್ಲ. ಹಿಂದಿನಿಂದ ಬಿಳಿ ಹೊಗೆ ಬರುತ್ತಿತ್ತು.

"ಅಮ್ಮ, ಒಳಗೆ ಬಾ," ಎಂದಳು ಮಗಳು ರೆನೀ. "ಮಾವ ಬರಲ್ಲ. ಬರೋನಾಗಿದ್ರೆ ಇಷ್ಟೊತ್ತಿಗೆ ಬರ್ತಿದ್ದ."

"ನಿಂತಿರ್ತೀನಿ."

ಡೆಲ್ಮರ್ ಅವಳ ಒಡಹುಟ್ಟಿದ ಅಣ್ಣ. ಅವನ ಮನೆಗೂ ಇವಳ ಮನೆಗೂ ನಡುವೆ ನಾಲ್ಕು ಬೀದಿ. ಇಪ್ಪತ್ತಾರು ವರ್ಷದಿಂದ ಅವನು ಇವಳ ಹೊಸ್ತಿಲು ತುಳಿದಿರಲಿಲ್ಲ. ಅಂಗಡಿಯಲ್ಲಿ ಎದುರಾದರೆ ತಳ್ಳುಗಾಡಿಯನ್ನು ಬೇರೆ ಸಾಲಿಗೆ ತಿರುಗಿಸುತ್ತಿದ್ದ. ತಾಯಿ ತೀರಿಕೊಂಡಾಗ ಗುಂಡಿಯ ಆಚೆ ಬದಿಯಲ್ಲಿ ನಿಂತಿದ್ದ. ಅವನನ್ನು ವಾಪಸು ತರಬಲ್ಲ ಒಂದು ಮಾತು ಆರ್ಲೀನ್‌ಳ ಬಳಿ ಇತ್ತು. ಆಡುವುದಿಲ್ಲವೆಂದು ಗಂಡನಿಗೆ ಭಾಷೆ ಕೊಟ್ಟಿದ್ದಳು. ಗಂಡ ಈಗ ಪೆಟ್ಟಿಗೆಯಲ್ಲಿದ್ದ.

ಪಿಕಪ್ಪಿನ ಬಾಗಿಲು ತೆರೆಯಿತು. ಎಂಬತ್ತೊಂದರ ಡೆಲ್ಮರ್ ಎರಡೂ ಕಾಲನ್ನು ನೆಲಕ್ಕೆ ಊರಿ, ಸ್ವಲ್ಪ ಹೊತ್ತು ಹಾಗೇ ಕುಳಿತಿದ್ದು, ಎದ್ದು ರಸ್ತೆ ದಾಟಿ ಬಂದ. ಟೋಪಿ ತೆಗೆದು ಕೋಟಿನ ಜೇಬಿಗೆ ತುರುಕಿದ. ಯಾರ ಮುಖವನ್ನೂ ನೋಡಲಿಲ್ಲ. ಖಾಲಿ ಹಿಡಿಕೆಗೆ ಕೈ ಹಾಕಿದ.

"ಎತ್ತಿ," ಎಂದ.

*

ಆರ್ಲೀನ್‌ಳ ಗಂಡ ರೋಮನ್ ಸಿಕೋರಾ ಜಾರಿ ಬಿದ್ದದ್ದು ತೊಂಬತ್ತೆರಡರ ಜನವರಿಯಲ್ಲಿ. ಲಾರಿಗೆ ಮಾಲು ಹೇರುವ ಕಟ್ಟೆಯ ಮೇಲೆ ಹಿಮ ಹೆಪ್ಪುಗಟ್ಟಿತ್ತು. ತಲೆಯ ಹಿಂಭಾಗ ಕಬ್ಬಿಣದ ಅಂಚಿಗೆ ಬಡಿಯಿತು. ನಾಲ್ಕು ಹೊಲಿಗೆ, ಒಂದು ವಾರ ರಜೆ. ವೈದ್ಯರು ಬೆರಳು ತೋರಿಸಿ ಎಷ್ಟೆಂದು ಕೇಳಿದರು, ಸರಿಯಾಗಿ ಹೇಳಿದ, ಮನೆಗೆ ಕಳಿಸಿದರು.

"ಕಾಫಿ ಪುಡಿ ಬದಲಾಯಿಸಿದ್ಯಾ?" ಎಂದು ಮೂರನೆಯ ದಿನ ಬೆಳಿಗ್ಗೆ ಕೇಳಿದ.

"ಇಲ್ವಲ್ಲ."

"ಬಿಸಿನೀರು ಕುಡಿದ ಹಾಗಿದೆ."

ಅವಳು ಇನ್ನೊಂದು ಚಮಚ ಹೆಚ್ಚು ಹಾಕಿ ಮಾಡಿಕೊಟ್ಟಳು. ಅವನು ಕುಡಿದು ಲೋಟ ದೂರ ಸರಿಸಿದ. ಮಧ್ಯಾಹ್ನ ಒಲೆಯ ಮೇಲೆ ಈರುಳ್ಳಿ ಇಟ್ಟು ಒಗೆಯುವ ಯಂತ್ರಕ್ಕೆ ಬಟ್ಟೆ ಹಾಕಲು ಕೆಳಗೆ ಹೋದಳು. ವಾಪಸು ಬರುವಾಗ ಮೆಟ್ಟಿಲಲ್ಲೇ ಸೀದ ವಾಸನೆ ಹೊಡೆಯಿತು. ರೋಮನ್ ಒಲೆಯಿಂದ ಎರಡು ಮಾರು ದೂರದಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದ.

ಬಾಣಲೆ ಇಳಿಸಿ ಅವನ ಮುಖ ನೋಡಿದಳು. ಅವನೂ ಬಾಣಲೆ ನೋಡಿದ. ಎದ್ದು, ಕಪಾಟಿನಿಂದ ವಿನೆಗರ್ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಮೂಗಿಗೆ ಹಿಡಿದ. ಆಮೇಲೆ ಸೀಮೆಎಣ್ಣೆ. ಆಮೇಲೆ ನೆಲ ತೊಳೆಯುವ ಅಮೋನಿಯಾ. ಅದಕ್ಕೆ ಕಣ್ಣಿನಲ್ಲಿ ನೀರು ಬಂತು, ಅಷ್ಟೇ.

"ಬಂದ್ಬಿಡುತ್ತೆ," ಎಂದಳು ಆರ್ಲೀನ್.

"ಹೂಂ."

ಬರಲಿಲ್ಲ. ಈಸ್ಟರ್ ಹೊತ್ತಿಗೆ ಇಬ್ಬರೂ ಆ ಮಾತು ಎತ್ತುವುದನ್ನು ಬಿಟ್ಟರು.

ರೋಮನ್ ಹನ್ನೊಂದನೆಯ ತರಗತಿಗೆ ಶಾಲೆ ಬಿಟ್ಟವನು. ಮೊದಲ ಹನ್ನೆರಡು ವರ್ಷ ಕಾರ್ಖಾನೆಯಲ್ಲಿ ಅವನ ಕೆಲಸ ದೀಪದ ಪರದೆಯ ಮುಂದೆ ಕುಳಿತು, ವಾಪಸು ಬಂದ ಖಾಲಿ ಬಾಟಲಿಗಳು ಸಾಲಾಗಿ ಹೋಗುವುದನ್ನು ನೋಡುವುದು. ಒಡಕು, ಸಿಗರೇಟು ತುಂಡು, ಸತ್ತ ನೊಣ ಇದ್ದದ್ದನ್ನು ಎತ್ತಿ ಪಕ್ಕಕ್ಕಿಡಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು, ಇಲ್ಲದಿದ್ದರೆ ಕಣ್ಣು ಸುಳ್ಳು ಹೇಳತೊಡಗುತ್ತದೆ. ಒಂದು ದಿನ ಊಟದ ಹೊತ್ತಿಗೆ ಲೋಟ ಎತ್ತಿದವನು, "ಇದು ಏಳನೇ ತೊಟ್ಟಿದು. ಆರನೇದರ ಹಾಗಿಲ್ಲ," ಎಂದ. ಬಿಯರ್ ತಯಾರಿಕೆ ನೋಡಿಕೊಳ್ಳುತ್ತಿದ್ದ ಮುಖ್ಯ ಬ್ರೂಯರ್ ಅಲ್ಲೇ ಹಾದುಹೋಗುತ್ತಿದ್ದ. ಪರೀಕ್ಷೆ ಮಾಡಿ ನೋಡಿದರೆ ಅದು ಏಳನೆಯ ತೊಟ್ಟಿಯದೇ. ಅಲ್ಲಿಂದ ರೋಮನ್ ರುಚಿ ನೋಡುವವನಾದ. ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಮೂವರು ಒಂದು ಮೇಜಿಗೆ ಕೂರುತ್ತಿದ್ದರು: ಮುಖ್ಯ ಬ್ರೂಯರ್, ನೆಲಮಾಳಿಗೆಯ ತೊಟ್ಟಿಗಳನ್ನು ನೋಡಿಕೊಳ್ಳುತ್ತಿದ್ದ ಡೆಲ್ಮರ್, ರೋಮನ್. ಒಬ್ಬೊಬ್ಬರ ಮುಂದೆ ಮೂರು ಲೋಟ. ಮೂವರಲ್ಲಿ ಇಬ್ಬರು ಸರಿ ಎಂದರೆ ಆ ತೊಟ್ಟಿಯ ಬಿಯರ್ ಬಾಟಲಿಗೆ ಹೋಗುತ್ತಿತ್ತು. ರೋಮನ್ ಹೇಳಿದ್ದು ಒಮ್ಮೆಯೂ ತಪ್ಪಾಗಿರಲಿಲ್ಲ. ಚರ್ಚಿನಲ್ಲಿ ಜನ ಅವನನ್ನು ತಮ್ಮ ಮಕ್ಕಳಿಗೆ ತೋರಿಸುತ್ತಿದ್ದರು.

"ಡೆಲ್‌ಗಾದ್ರೂ ಹೇಳು. ನಮ್ಮಣ್ಣ ತಾನೆ," ಎಂದಳು ಆರ್ಲೀನ್.

"ಬೇಡ."

"ಹಾಗಾದ್ರೆ ದಿನಾ ಹತ್ತು ಗಂಟೆಗೆ ಹೇಗೆ ಮಾಡ್ತೀಯ?"

"ಕಣ್ಣಿದೆಯಲ್ಲ."

"ರೋಮನ್."

"ಅದು ಬಿಟ್ರೆ ನನ್ನ ಹತ್ರ ಬೇರೆ ಏನಿದೆ, ಆರ್ಲೀನ್?" ಅವನು ಕೋಪದಿಂದ ಕೇಳಲಿಲ್ಲ. ಉತ್ತರ ಗೊತ್ತಿದ್ದರೆ ಹೇಳಲಿ ಎನ್ನುವಂತೆ ಕೇಳಿದ.

*

ಮಣ್ಣಾದ ಮೇಲೆ ಎಲ್ಲರೂ ಚರ್ಚಿನ ನೆಲಮಾಳಿಗೆಗೆ ಊಟಕ್ಕೆ ಬಂದರು. ಹೆಂಗಸರು ಹ್ಯಾಮ್ ತುಂಬಿದ ಬನ್ನು, ಆಲೂಗಡ್ಡೆ ಸಲಾಡು, ಉಪ್ಪಿನಕಾಯಿ ಸೌತೆ, ಮೂರು ಬಗೆಯ ಸಿಹಿ ಸಾಲಾಗಿ ಇಟ್ಟಿದ್ದರು. ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ದುಡಿದಿದ್ದ ಯೂಜೀನ್ ತಟ್ಟೆ ತುಂಬ ಸಲಾಡು ಬಡಿಸಿಕೊಂಡು ವರ್ಜಿಲ್‌ನ ಪಕ್ಕ ಕುಳಿತ. ಡೆಲ್ಮರ್ ಕೊನೆಯ ಮೇಜಿನಲ್ಲಿ, ಕೋಟು ಬಿಚ್ಚದೆ, ಒಬ್ಬನೇ ಇದ್ದ. ಅವನು ಊಟಕ್ಕೆ ನಿಂತದ್ದೇ ಹೆಚ್ಚೆಂದು ಎಲ್ಲರಿಗೂ ಅನಿಸಿತ್ತು. ಆದ್ದರಿಂದ ಯಾರೂ ಅವನ ಬಳಿ ಹೋಗಲಿಲ್ಲ.

ಮೊಮ್ಮಗಳು ಬ್ರೆನ್ನಾ ಮಿನಿಯಾಪೊಲಿಸ್‌ನಿಂದ ಬರುವಾಗ ಒಂದು ಪೆಟ್ಟಿಗೆ ಬಿಯರ್ ತಂದಿದ್ದಳು. ಅದನ್ನು ಮೇಜಿನ ಮೇಲಿಟ್ಟು ರಟ್ಟು ಹರಿದಳು. ಒಳಗೆ ಓಲ್ಡ್ ಫೆರಿ. ಕೆನೆ ಬಣ್ಣದ ಡಬ್ಬಿ, ಮೇಲೆ ಕೆಂಪು ದೋಣಿ, ದೋಣಿಯ ಮೂತಿಗೆ ಲಾಂದ್ರ.

ಮುದುಕರು ಮೇಜಿನ ಕಡೆಗೆ ಬಗ್ಗಿದರು.

"ಇದೆಲ್ಲಿ ಸಿಕ್ತು ಮಗಾ?" ಎಂದ ವರ್ಜಿಲ್.

"ಸೂಪರ್ ಮಾರ್ಕೆಟ್ಟಲ್ಲಿ! ಹೆಸರು ಯಾರೋ ಕೊಂಡ್ಕೊಂಡಿದಾರಂತೆ, ಬೇರೆ ಯಾವುದೋ ರಾಜ್ಯದಲ್ಲಿ ಮಾಡ್ತಾರಂತೆ. ನನ್ನ ಫ್ರೆಂಡ್ಸೆಲ್ಲ ಇದನ್ನೇ ಕುಡಿಯೋದು. ಹಳೇದು ಅಂತ ಇಷ್ಟ. ಅಜ್ಜ ಮಾಡ್ತಿದ್ದಿದ್ದು ಅಂದ್ರೆ ನಂಬಲ್ಲ ಅವ್ರು."

ಯೂಜೀನ್ ಒಂದು ಡಬ್ಬಿ ಎತ್ತಿ ಕನ್ನಡಕ ಹಣೆಗೇರಿಸಿ ನೋಡಿದ. "ದೋಣಿ ನಮ್ದೇ."

"ದೋಣಿ ನಮ್ದು. ಒಳಗಿರೋದು ಯಾರದೋ," ಎಂದ ವರ್ಜಿಲ್. ಆದರೂ ತೆಗೆದ. ಐದಾರು ಡಬ್ಬಿಗಳು ಒಂದರ ಹಿಂದೊಂದು ಬಾಯಿ ತೆರೆದವು.

"ಹೇಗಿದೆ?" ಬ್ರೆನ್ನಾ ಕೇಳಿದಳು.

ವರ್ಜಿಲ್ ಬಾಯೊಳಗೆ ಆಡಿಸಿ ನುಂಗಿದ. "ತಣ್ಣಗಿದೆ."

"ಅಷ್ಟೇನಾ?"

"ನೋಡು ಮಗಾ, ಆಗ ಒಂದೊಂದು ಊರಿಗೆ ಅದರದೇ ಬಿಯರು. ಮಿಲ್ವಾಕಿಯವರಿಗೆ ಶ್ಲಿಟ್ಸು, ಪ್ಯಾಬ್ಸ್ಟು, ಬ್ಲಾಟ್ಸು. ನದಿಯಾಚೆಯವರಿಗೆ ಹ್ಯಾಮ್ಸು. ನಮಗೆ ಫೆರಿ. ನಾನು ಒಬ್ಬಳನ್ನ ಇಷ್ಟಪಟ್ಟಿದ್ದೆ, ಅವರ ಮನೇಲಿ ಬ್ಲಾಟ್ಸ್ ಕುಡೀತಿದ್ರು. ನಮ್ಮಮ್ಮ ಏನಂದ್ಳು ಗೊತ್ತಾ? ಬೇರೆ ಚರ್ಚಿನವ್ರು, ಲೂಥರನ್ನರಾದ್ರೆ ಹೇಗೋ ಸಹಿಸ್ಕೋಬಹುದು, ಬ್ಲಾಟ್ಸ್ ಬೇಡ ಅಂದ್ಳು."

ಯೂಜೀನ್ ನಕ್ಕು ಕೆಮ್ಮಿದ. "ಈಗ ನನ್ನ ಅಳಿಯ ಕುಡೀತಾನೆ ನೋಡು, ಕಿತ್ಲೆಹಣ್ಣು ಹಾಕಿದ್ದು, ಕಾಫಿ ಹಾಕಿದ್ದು. ಮೊನ್ನೆ ಒಂದು ಕೊಟ್ಟ. ಪೈನ್ ಮರ ನೆಕ್ಕಿದ ಹಾಗಿತ್ತು. ಒಂದು ಲೋಟಕ್ಕೆ ಒಂಬತ್ತು ಡಾಲರಂತೆ."

"ಒಂಬತ್ತಕ್ಕೆ ಒಂದು ಪೆಟ್ಟಿಗೆ ಬರ್ತಿತ್ತಲ್ಲೋ. ಹುಲ್ಲು ಕತ್ತರಿಸಿ ಬಂದು ಒಂದು, ಮೀನು ಹಿಡಿಯೋಕೆ ಹೋಗಿ ನಾಲ್ಕು, ಅಪ್ಪ ಬಂದ್ರೆ ಆರು. ಅದನ್ನ ಯಾರೂ ಹೊಗಳ್ತಿರ್ಲಿಲ್ಲ. ಮನೇಲಿ ಇರ್ತಿತ್ತು, ಅಷ್ಟೇ."

"ಶುಕ್ರವಾರ ಮೀನಿನ ಊಟದ ಜೊತೆ."

"ಬಾಟಲಿ ಮೇಲೆ ಬೆವರು ಕೂತಿರ್ತಿತ್ತು. ಚೀಟಿ ಜಾರಿ ಕೈಗೇ ಬರ್ತಿತ್ತು."

ಹೀಗೆ ಒಬ್ಬರ ಬಾಯಿಂದ ಇನ್ನೊಬ್ಬರು ಮಾತು ತೆಗೆದುಕೊಂಡರು. ಮಾಲ್ಟ್ ಬೇಯಿಸುವ ದಿನ ಊರಿಗೆಲ್ಲ ಗಂಜಿಯ ವಾಸನೆ ಬರುತ್ತಿತ್ತೆಂದು ಒಬ್ಬಳು ಹೇಳಿದಳು. ಒಣಹಾಕಿದ ಬಟ್ಟೆಗೂ ಹತ್ತುತ್ತಿತ್ತು ಎಂದು ಇನ್ನೊಬ್ಬಳು. ಆರ್ಲೀನ್ ಕೇಳುತ್ತಾ ಕುಳಿತಳು. ಕಾರ್ಖಾನೆಯ ಕೊನೆಯ ಎಂಟು ವರ್ಷ ಆ ವಾಸನೆ ಬಂದಾಗಲೆಲ್ಲ ರೋಮನ್ ಅವಳ ಕಡೆ ನೋಡುತ್ತಿದ್ದ, ಅವಳು ತಲೆಯಾಡಿಸುತ್ತಿದ್ದಳು. "ಇವತ್ತು ಬೇಯಿಸ್ತಿದಾರೆ," ಎಂದು ಆಮೇಲೆ ಅವನು ಅಕ್ಕಪಕ್ಕದವರಿಗೆ ಹೇಳುತ್ತಿದ್ದ.

ಬ್ರೆನ್ನಾ ಒಂದು ಡಬ್ಬಿ ತೆಗೆದುಕೊಂಡು ಹೋಗಿ ಡೆಲ್ಮರ್‌ನ ಮುಂದಿಟ್ಟಳು. ಅವಳಿಗೆ ಏನೂ ತಿಳಿಯದು. ಡೆಲ್ಮರ್ ಡಬ್ಬಿಯನ್ನು ಮುಟ್ಟಲಿಲ್ಲ. ಹುಡುಗಿಗೆ ಮಾತ್ರ ಥ್ಯಾಂಕ್ಸ್ ಅಂದ.

ವರ್ಜಿಲ್ ಉಕ್ಕಿನ ಕೀಲಿನ ಮೇಲೆ ಕಷ್ಟಪಟ್ಟು ಎದ್ದು ನಿಂತ. ಅವನ ಕಣ್ಣು ಒದ್ದೆಯಾಗಿತ್ತು. "ರೋಮನ್‌ಗೆ," ಎಂದು ಡಬ್ಬಿ ಎತ್ತಿದ. "ಈ ಜಿಲ್ಲೆಯಲ್ಲಿ ಅಂಥ ನಾಲಿಗೆ ಇನ್ನೊಂದು ಹುಟ್ಟಲಿಲ್ಲ."

ಹೇಳಿಬಿಟ್ಟ ಮೇಲೆ, ಡೆಲ್ಮರ್ ಕೇಳಿಸಿಕೊಳ್ಳುತ್ತಿದ್ದಾನೆಂದು ಅವನಿಗೇ ಅರಿವಾಯಿತು. ಎತ್ತಿದ ಕೈಗಳು ಹಾಗೇ ನಿಂತವು. ಯೂಜೀನ್ ಮಾತ್ರ, ಏನಾದರೂ ಆಗಲಿ ಎಂದು, ಒಂದು ಗುಟುಕು ಕುಡಿದ.

ಹಿಂದಿನ ಮೇಜಿನಲ್ಲಿ ಕುರ್ಚಿ ಸರಿದ ಸದ್ದು. ಡೆಲ್ಮರ್ ಜೇಬಿನಿಂದ ಟೋಪಿ ತೆಗೆದು ತಲೆಗಿಟ್ಟುಕೊಂಡು ಮೆಟ್ಟಿಲ ಕಡೆಗೆ ನಡೆದ.

"ಹೋಗ್ಲಿ ಬಿಡು ಅಮ್ಮ," ಎಂದಳು ರೆನೀ. "ಪೆಟ್ಟಿಗೆ ಎತ್ತಿದ್ನಲ್ಲ, ಅದೇ ದೊಡ್ಡದು."

ಆರ್ಲೀನ್ ಕರವಸ್ತ್ರವನ್ನು ಮಡಿಸಿ ಮೇಜಿನ ಮೇಲಿಟ್ಟಳು.

*

ತೊಂಬತ್ತೆಂಟರ ಫೆಬ್ರವರಿಯಲ್ಲಿ ಕಾರ್ಖಾನೆಗೆ ಹೊಸ ಯಜಮಾನರು ಬಂದಿದ್ದರು. ಬಿಯರ್ ತೊಟ್ಟಿಯಲ್ಲಿ ಮೂವತ್ತು ದಿನ ಮಲಗಿರಬೇಕೆಂಬುದು ಹಳೆಯ ಲೆಕ್ಕ. ಹನ್ನೊಂದು ದಿನ ಸಾಕೆಂದು ಅವರ ಆಜ್ಞೆ. ಅಂಥ ಮೊದಲ ತೊಟ್ಟಿಯ ರುಚಿ ನೋಡುವ ದಿನ, ಮುಖ್ಯ ಕಚೇರಿಯಿಂದ ಒಬ್ಬ ಬಂದ.

ಆ ಸಂಜೆ ರೋಮನ್ ಅಡುಗೆಮನೆಯ ಮೇಜಿಗೆ ಕುಳಿತು ಬೂಟು ಬಿಚ್ಚಲಿಲ್ಲ.

"ಹಲಗೆ ಹಾಕಿದ್ರು," ಎಂದ.

"ಎಲ್ಲಿಗೆ?"

"ನಮ್ಮ ಮೂವರ ಮಧ್ಯ. ಪ್ಲೈವುಡ್ಡು. ಒಬ್ಬರು ಒಬ್ಬರನ್ನ ನೋಡಬಾರದಂತೆ, ಅದೇ ವಿಜ್ಞಾನವಂತೆ. ಲೋಟಾನೂ ಕಪ್ಪು ಗಾಜಿಂದು. ನೊರೆ ಕಾಣಲ್ಲ, ಬಣ್ಣ ಕಾಣಲ್ಲ." ಬೂಟಿನ ದಾರ ಹಿಡಿದು ಹೇಳಿದ, "ಡೆಲ್ ಮುಖ ಕಾಣ್ಲಿಲ್ಲ."

ಆರು ವರ್ಷದಿಂದ ಅವನು ಹೇಗೆ ನಡೆಸಿಕೊಂಡು ಬಂದಿದ್ದನೆಂದು ಅವಳಿಗೆ ಆಗ ತಿಳಿಯಿತು. ಮೂವರಲ್ಲಿ ಡೆಲ್ಮರ್ ಮೊದಲು ಕುಡಿಯುತ್ತಿದ್ದ. ಅವನ ಮುಖ ಅವನಿಗೇ ಗೊತ್ತಿಲ್ಲದೆ ಎಲ್ಲವನ್ನೂ ಹೇಳುತ್ತಿತ್ತು: ಹುಳಿ, ಹಸಿ, ಹೊಗೆ, ಹಳತು. ರೋಮನ್ ಅದನ್ನು ಓದಿ, ಒಂದು ಗುಟುಕು ಕುಡಿದು, ತನ್ನ ಚೀಟಿಯಲ್ಲಿ ಬರೆಯುತ್ತಿದ್ದ. ಹನ್ನೆರಡು ವರ್ಷ ಬಾಟಲಿ ನೋಡಿ ಪಳಗಿದ ಕಣ್ಣು.

"ಏನು ಬರೆದೆ?"

"ಎಂದಿನಂತೆ ಇದೆ ಅಂತ."

ಮುಖ್ಯ ಬ್ರೂಯರ್ ಸರಿ ಎಂದು ಬರೆದಿದ್ದ; ಅವನ ಕೆಲಸ ಉಳಿಯಬೇಕಿತ್ತು. ಡೆಲ್ಮರ್ 'ಇದು ನಮ್ಮದಲ್ಲ' ಎಂದು ಬರೆದಿದ್ದ. ಬಿಯರ್ ಹೊರಗೆ ಹೋಯಿತು. ಬೇಸಿಗೆ ಬರುವಷ್ಟರಲ್ಲಿ ಬಾರ್‌ಗಳಲ್ಲಿ ಜನ ಲೋಟ ಮೂಸಿ ಹಸಿ ಸೇಬಿನ ವಾಸನೆ ಎನ್ನತೊಡಗಿದರು. ಎರಡು ವರ್ಷಕ್ಕೆ ಗೇಟಿಗೆ ಬೀಗ ಬಿತ್ತು. ರೋಮನ್ ಶಾಲೆಯ ನೆಲ ಒರೆಸುವ ಕೆಲಸಕ್ಕೆ ಸೇರಿ ಅಲ್ಲಿಯೇ ನಿವೃತ್ತನಾದ.

ಆದರೆ ಡೆಲ್ಮರ್ ಎರಡು ವರ್ಷ ಕಾಯಲಿಲ್ಲ. ಅದೇ ಶುಕ್ರವಾರ, ಊರವರೆಲ್ಲ ಒಂದೆಡೆ ಸೇರಿ ಮೀನು ತಿನ್ನುವ ಹೊತ್ತಿನಲ್ಲಿ, ಊರು ಕೇಳುವ ಹಾಗೆ ಕೇಳಿದ. "ಆ ಕಸ ಎಂಥದ್ದು ಅಂತ ನಿನಗೆ ಗೊತ್ತಿತ್ತು. ಈ ಊರಲ್ಲಿ ಬೇರೆ ಯಾರಿಗೆ ಗೊತ್ತಾಗದಿದ್ರೂ ನಿನಗೆ ಗೊತ್ತಾಗಿರುತ್ತೆ. ನಾಲಿಗೆ ಮಾರ್ಕೊಂಡ್ಯೇನೋ?"

ರೋಮನ್ ತಟ್ಟೆಯ ಮೇಲಿನ ನಿಂಬೆ ಹೋಳನ್ನು ತಿರುಗಿಸಿದ. ಪಕ್ಕದಲ್ಲಿದ್ದ ಆರ್ಲೀನ್ ಕೈಚೀಲ ಎತ್ತಿಕೊಂಡಳು.

ಮನೆಗೆ ಬರುತ್ತಾ ಕಾರಿನಲ್ಲಿ ಅವಳು ಅತ್ತಳು. ಹೇಳಿಬಿಡು ಎಂದಳು. ಅವನು ರಸ್ತೆ ನೋಡುತ್ತಾ, "ಮೂಗಿಲ್ಲದವನು ಆರು ವರ್ಷ ಇವರಿಗೆಲ್ಲ ಬಿಯರ್ ಪಾಸು ಮಾಡಿದ ಅಂತಾನಾ? ಹೆದರಿದ ಅಂದ್ಕೊಳ್ಲಿ. ಹೆದರೋರು ಎಲ್ಲಾ ಕಡೆ ಇರ್ತಾರೆ," ಎಂದ. ಮನೆಯ ಮುಂದೆ ಕಾರು ನಿಲ್ಲಿಸಿ ಅವಳ ಕೈ ಹಿಡಿದ. "ಇದು ನನ್ನ ಜೊತೇಲೇ ಮಣ್ಣಿಗೆ ಹೋಗ್ಬೇಕು, ಆರ್ಲೀನ್."

ಅವಳು ಹೂಂ ಅಂದಿದ್ದಳು.

*

ಡೆಲ್ಮರ್ ಪಿಕಪ್ಪಿನ ಬೀಗದ ಕೈ ಹಾಕುತ್ತಿರುವಾಗ ಆರ್ಲೀನ್ ಇನ್ನೊಂದು ಬಾಗಿಲು ತೆರೆದು ಒಳಗೆ ಹತ್ತಿ ಕುಳಿತಳು. ಎಪ್ಪತ್ತೇಳರ ಮಂಡಿಗೆ ಆ ಎತ್ತರ ಹೆಚ್ಚು. ಅವನು ಕೈ ಕೊಟ್ಟು ಎಳೆದುಕೊಳ್ಳಲೂ ಇಲ್ಲ, ಬೇಡ ಎನ್ನಲೂ ಇಲ್ಲ.

"ಕೋಟು ಹಾಕ್ಕೊಂಡು ಬರ್ಬಾರ್ದಾ," ಎಂದ ಎದುರುಗಾಜು ನೋಡುತ್ತಾ. ಇಪ್ಪತ್ತಾರು ವರ್ಷದಲ್ಲಿ ಅವಳಿಗೆ ಆಡಿದ ಮೊದಲ ಮಾತು ಅದು.

"ಅವನಿಗೆ ವಾಸನೆ ಬರ್ತಿರ್ಲಿಲ್ಲ, ಡೆಲ್."

"ಯಾರಿಗೆ?"

"ರೋಮನ್‌ಗೆ. ಕಟ್ಟೆ ಮೇಲೆ ಜಾರಿ ಬಿದ್ನಲ್ಲ, ತೊಂಬತ್ತೆರಡರಲ್ಲಿ. ಆವತ್ತಿಂದ ಏನೂ ಇಲ್ಲ. ಕಾಫಿ ಇಲ್ಲ, ಬಿಯರ್ ಇಲ್ಲ. ಮನೆ ಹೊತ್ತಿ ಉರಿದ್ರೂ ಅವನಿಗೆ ಗೊತ್ತಾಗ್ತಿರ್ಲಿಲ್ಲ."

ಡೆಲ್ಮರ್ ಬೀಗದ ಕೈಯನ್ನು ತಿರುಗಿಸದೆ ಹಿಡಿದುಕೊಂಡಿದ್ದ.

"ಸುಳ್ಳು," ಎಂದ ಕೊನೆಗೆ. "ತೊಂಬತ್ತೈದರಲ್ಲಿ ನಾಲ್ಕನೇ ತೊಟ್ಟಿ ಕೆಟ್ಟಿತ್ತು. ಕೂದಲೆಳೆಯಷ್ಟು. ಬ್ರೂಯರ್‌ಗೂ ಸಿಗಲಿಲ್ಲ. ಅವನು ಹಿಡಿದ."

"ನೀನು ಹಿಡಿದೆ. ಅವನು ನಿನ್ನ ಮುಖ ನೋಡಿ ಬರೆದ."

ಚರ್ಚಿನ ಬಾಗಿಲಿನಿಂದ ಒಬ್ಬ ಹೆಂಗಸು ಖಾಲಿ ತಟ್ಟೆ ಹಿಡಿದು ಬಂದು, ಕಾರಿಗೆ ಹತ್ತಿ ಹೋದಳು.

"ಆರು ವರ್ಷ ನಿನ್ನ ಮುಖ ನೋಡಿಯೇ ರುಚಿ ಹೇಳ್ದ," ಎಂದಳು ಆರ್ಲೀನ್. "ಆವತ್ತು ಹಲಗೆ ಹಾಕಿದ್ರು."

ಗಾಜಿನ ಒಳಬದಿಗೆ ಇಬ್ಬರ ಉಸಿರು ಮಂಜು ಕಟ್ಟಿತು.

"ನಾನು ಕೆಮ್ಮಿದೆ ಕಣೇ, ಲೀನಿ."

"ಏನು?"

"ಹಲಗೆಯ ಈಚೆಯಿಂದ. ಎರಡು ಸಲ. ಬೇಡ ಅಂತ ಬರಿ, ಇಬ್ಬರೂ ಒಟ್ಟಿಗೆ ನಿಲ್ಲೋಣ ಅಂತ. ಅವನಿಗೆ ಅರ್ಥ ಆಗುತ್ತೆ ಅಂದ್ಕೊಂಡಿದ್ದೆ. ಕೇಳಿಸ್ಕೊಂಡೂ ಹಾಗೆ ಬರೆದ ಅಂತಾನೇ ನನಗೆ…"

"ಕೇಳಿಸ್ಕೊಂಡಿದ್ದ." ಆರ್ಲೀನ್‌ಳ ಬೆರಳು ಗಾಜಿನ ಮಂಜು ಒರೆಸಿತು. "ಡೆಲ್‌ಗೆ ನೆಗಡಿ ಆಗಿದೆ, ಕೋಳಿ ಸಾರು ಮಾಡಿ ಕಳ್ಸು ಅಂದ. ಮಾರನೇ ದಿನ ನಿನ್ನ ಹೆಂಡತಿ ಕೈಗೆ ಕೊಟ್ಟು ಬಂದೆ."

ಡೆಲ್ಮರ್ ಅವಳ ಕಡೆ ತಿರುಗಿದ.

"ಅದಕ್ಕಾ ಅದು?"

"ಕುಡಿದ್ಯಾ?"

"ಕುಡಿದೆ." ಅವನು ಹೆಬ್ಬೆರಳಿನಿಂದ ಸ್ಟಿಯರಿಂಗ್ ಉಜ್ಜಿದ. "ಉಪ್ಪು ಜಾಸ್ತಿ ಇತ್ತು."

"ಉಪ್ಪು ಅವನು ಹಾಕಿದ್ದು."

ನಗುವಂಥ ಒಂದು ಸದ್ದು ಅವನ ಎದೆಯಿಂದ ಬಂದು, ಅರ್ಧದಲ್ಲಿ ಬೇರೇನೋ ಆಯಿತು. ಅವನು ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡ. ಆರ್ಲೀನ್ ಅವನ ಬೆನ್ನ ಮೇಲೆ ಕೈಯಿಡಲಿಲ್ಲ. ಅವಳ ಕೈಗಳು ಮಡಿಲಲ್ಲಿ ಒಂದರ ಮೇಲೊಂದು ಇದ್ದವು, ಯಾರದೋ ಕೈಗಳ ಹಾಗೆ. ಇನ್ನೇನು ಅಳು ಬರುತ್ತದೆಂದು ಮೂರು ದಿನದಿಂದ ಕಾಯುತ್ತಿದ್ದಳು. ಈಗಲೂ ಬರಲಿಲ್ಲ.

"ಅವನು ಬೇಡ ಅಂದಿದ್ರೂ ಅವರು ಕಳಿಸ್ತಿದ್ರು," ಎಂದ ಡೆಲ್ಮರ್ ಟೋಪಿಯೊಳಗಿನಿಂದ. "ಲಾರಿ ಆಗಲೇ ಬಾಗಿಲಿಗೆ ಬಂದಿತ್ತು. ಅದು ನನಗೆ ಆವತ್ತೇ ಗೊತ್ತಿತ್ತು."

"ಮತ್ತೆ?"

"ಮತ್ತೇನು. ಒಬ್ಬನೇ ಆಗ್ಬಿಟ್ಟೆ ಅನ್ನಿಸ್ತು."

ಮೂಗು ಒರೆಸಿಕೊಂಡು ಕೇಳಿದ, "ಹೇಳ್ಬೇಡ ಅಂದಿದ್ನಾ?"

"ಮಣ್ಣಾಗೋವರೆಗೂ ಇಟ್ಕೊಂಡಿದ್ದೆ," ಎಂದಳು ಆರ್ಲೀನ್.

ಅಷ್ಟರಲ್ಲಿ ರೆನೀ ತಾಯಿಯ ಕೋಟನ್ನೂ, ಬೆಳ್ಳಿ ಹಾಳೆ ಮುಚ್ಚಿದ ಒಂದು ದೊಡ್ಡ ತಟ್ಟೆಯನ್ನೂ ಹಿಡಿದು ಮೆಟ್ಟಿಲಿಳಿದು ಬಂದಳು. ಪಿಕಪ್ಪಿನೊಳಗೆ ಬಗ್ಗಿ ಇಬ್ಬರನ್ನೂ ನೋಡಿದಳು.

"ಹ್ಯಾಮ್ ಮಿಕ್ಕಿದೆ," ಎಂದಳು. "ಮನೆಗೆ ತಗೊಂಡು ಹೋಗ್ಬೇಕಂತೆ. ಅಮ್ಮ, ನಿನ್ನನ್ನ ನಾನು ಬಿಡ್ಲಾ?"

"ನಾನು ಬಿಡ್ತೀನಿ," ಎಂದ ಡೆಲ್ಮರ್. "ತಟ್ಟೆ ಕೊಡು ಇಲ್ಲಿ."

*

ಹೊಸ್ತಿಲಲ್ಲಿ ಅವನು ಬೂಟು ಬಿಚ್ಚಿ, ಗೋಡೆ ಹಿಡಿದು ಒಳಗೆ ಬಂದ. ಗೋಡೆಯ ಬಣ್ಣ ಬದಲಾಗಿತ್ತು. ಅಡುಗೆಮನೆಯ ದೀಪ ಎಲ್ಲಿದೆಯೆಂದು ಅವನ ಕೈಗೆ ನೆನಪಿತ್ತು.

ಆರ್ಲೀನ್ ಒಂಬತ್ತು ದಿನ ಗಂಡನ ಜೊತೆ ಆಸ್ಪತ್ರೆಯಲ್ಲಿದ್ದಳು, ಆಮೇಲಿನ ಮೂರು ದಿನ ಮಗಳ ಮನೆಯಲ್ಲಿ. ಇಲ್ಲಿ ಎಲ್ಲವೂ ಆಂಬುಲೆನ್ಸ್ ಬಂದ ಬೆಳಿಗ್ಗೆ ಇದ್ದ ಹಾಗೆಯೇ ಇತ್ತು. ರೋಮನ್‌ನ ಕುರ್ಚಿ ಅಡ್ಡಕ್ಕೆ ಸರಿದಿತ್ತು. ಡೆಲ್ಮರ್ ಅದನ್ನು ಮೇಜಿನ ಅಡಿಗೆ ಸೇರಿಸಿ, ಹ್ಯಾಮ್ ಇಡಲು ಫ್ರಿಜ್ಜಿನ ಬಾಗಿಲು ತೆಗೆದ. ಜಾಗವಿರಲಿಲ್ಲ.

"ಏನೇನಿದೆಯೋ ಅದರಲ್ಲಿ," ಎಂದಳು ಆರ್ಲೀನ್. "ಇರ್ಲಿ, ನಾಳೆ ನೋಡ್ತೀನಿ."

ಅವನು ತಟ್ಟೆಯನ್ನು ಪಕ್ಕಕ್ಕಿಟ್ಟು ಹಾಲಿನ ಡಬ್ಬ ತೆಗೆದ. ಮೇಲೆ ಒತ್ತಿದ್ದ ತಾರೀಖನ್ನು ಓದಲಿಲ್ಲ. ಬಾಯಿ ಬಿಡಿಸಿ ಮೂಗಿಗೆ ಹಿಡಿದ, ಕಣ್ಣು ಮುಚ್ಚಿ. ಅವನ ಇಡೀ ಮುಖ ಮುದುಡಿತು. ಹಾಲನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟ. ಆಮೇಲೆ ಮೊಸರಿನ ಕಪ್ಪು, ಸಾರಿನ ಬೋಗುಣಿ, ಅರ್ಧ ಉಳಿದ ಸೇಬಿನ ಪಾಕದ ಸೀಸೆ, ಕಾಗದ ಸುತ್ತಿದ ಸಾಸೇಜು ಎಲ್ಲವನ್ನೂ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟು ಕುಳಿತುಕೊಂಡ. ಒಂದೊಂದಾಗಿ ಮುಚ್ಚಳ ತೆಗೆದು ಮೂಸತೊಡಗಿದ. ಇಟ್ಟುಕೊಳ್ಳಬಹುದಾದ್ದು ಎಡಕ್ಕೆ, ಎಸೆಯುವುದು ಬಲಕ್ಕೆ.

ಆರ್ಲೀನ್ ಕುರ್ಚಿ ಎಳೆದುಕೊಂಡು ಮೇಜಿನ ಆಚೆ ಬದಿಗೆ ಬಂದಳು. ಅವನ ಮುಖ ಕಾಣುವ ಹಾಗೆ ಕುಳಿತಳು.